ಅಮ್ಮನ ಲ್ಯಾಪ್‌ಟಾಪ್ ಕನ್ನಡವಾದ ಹನ್ನೊಂದು ವಾರ

ಹೋದ ಶನಿವಾರ ರಾತ್ರಿ ಊಟವಾದ ಮೇಲೆ ಅಮ್ಮ ಲ್ಯಾಪ್‌ಟಾಪ್ ತೆರೆದಳು. ಮೆನು ಒತ್ತಿ, ‘ಮಳೆ 1989’ ಎಂಬ ಹಾಳೆಯನ್ನು ಹುಡುಕಿ ಬಿಚ್ಚಿದಳು. ಪಕ್ಕದಲ್ಲಿ ಹಳೆಯ ನೋಟ್‌ಬುಕ್ ಇಟ್ಟುಕೊಂಡು ಆ ವರ್ಷದ ಏಪ್ರಿಲ್ ತಿಂಗಳ, ಕಾಫಿ ಹೂ ಅರಳಿಸುವ ಹೂಮಳೆಯ ಅಂಕಿಗಳನ್ನು ಒಂದೊಂದಾಗಿ ತುಂಬಿದಳು. ಕೊನೆಗೆ ‘ಉಳಿಸು’ ಎಂಬ ಪದವನ್ನು ಓದಿ, ಒತ್ತಿ, ಮುಚ್ಚಿದಳು. ನಾನು ಪಕ್ಕದಲ್ಲೇ ಕೂತಿದ್ದೆ. ಒಂದು ಮಾತನ್ನೂ ಹೇಳಿಕೊಡಬೇಕಾಗಲಿಲ್ಲ.

ಇಷ್ಟಕ್ಕೆ ಹನ್ನೊಂದು ವಾರ ಹಿಡಿಯಿತು. ಯಂತ್ರದ ಮುಂದೆ ಕೂತು ನಿಜವಾಗಿ ಮಾಡಬೇಕಾದ ಕೆಲಸ ಒಂದು ದಿನದ್ದೂ ಅಲ್ಲ. ಉಳಿದ ಕಾಲವೆಲ್ಲ ಕಾಯುವುದರಲ್ಲಿ, ತಪ್ಪು ದಾರಿಯಲ್ಲಿ ಹೋಗಿ ಹಿಂದಿರುಗುವುದರಲ್ಲಿ ಕಳೆಯಿತು. ಮನೆಯ ಹಿರಿಯರಿಗಾಗಿ ಇದೇ ಕೆಲಸಕ್ಕೆ ಕೈಹಾಕುವವರು ಇದ್ದೇ ಇರುತ್ತಾರೆ. ಅವರಿಗೆ ಇಷ್ಟು ಅಲೆದಾಟ ಬೇಡವೆಂದು, ನೆನಪು ಹಸಿಯಾಗಿರುವಾಗಲೇ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ನಮ್ಮದು ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಕಡೆ, ಮುಖ್ಯರಸ್ತೆಯಿಂದ ಒಳಗೆ ಒಂದು ಸಣ್ಣ ಕಾಫಿ ತೋಟ. ಅಮ್ಮ ಏಳನೆಯ ತರಗತಿಯವರೆಗೆ ಓದಿದವಳು. ಕನ್ನಡ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಡದೆ ಓದುತ್ತಾಳೆ. 1989ರಿಂದ ಇಂದಿನವರೆಗೆ, ಮಳೆ ಬಂದ ಪ್ರತಿದಿನ ಬೆಳಿಗ್ಗೆ ಅಂಗಳದ ಮಳೆಮಾಪಕವನ್ನು ನೋಡಿ ಇಂಚು, ಸೆಂಟ್ (ಇಂಚಿನ ನೂರನೆಯ ಒಂದು ಭಾಗ) ಲೆಕ್ಕದಲ್ಲಿ ಬರೆದಿಟ್ಟಿದ್ದಾಳೆ. ಕಾಫಿ ಬೆಳೆಯುವ ಮನೆಗಳಲ್ಲಿ ಈ ಲೆಕ್ಕಕ್ಕೆ ಎಷ್ಟು ಬೆಲೆಯೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹೂಮಳೆ ಯಾವ ದಿನ ಬಿತ್ತು, ಅದರ ನಂತರದ ಮಳೆ ಎಷ್ಟು ದಿನಕ್ಕೆ ಬಂತು ಎಂಬುದರ ಮೇಲೆ ಇಡೀ ವರ್ಷದ ಫಸಲು ನಿಂತಿರುತ್ತದೆ. ಹೋದ ಮಳೆಗಾಲದಲ್ಲಿ ಎರಡು ನೋಟ್‌ಬುಕ್‌ಗಳಿಗೆ ಗೆದ್ದಲು ಹಿಡಿಯಿತು. ಉಳಿದವನ್ನಾದರೂ ಕಂಪ್ಯೂಟರಿಗೆ ಏರಿಸಬೇಕೆಂದು ಅಂದೇ ನಿಶ್ಚಯಿಸಿದೆವು. ನಾನು ಏರಿಸಿಕೊಡುತ್ತೇನೆ ಎಂದಾಗ ಅಮ್ಮ ಒಪ್ಪಲಿಲ್ಲ. “ನನ್ನ ಅಕ್ಷರ ನನಗೇ ಸರಿಯಾಗಿ ಗೊತ್ತು, ನಾನೇ ಏರಿಸುತ್ತೇನೆ. ಆದರೆ ಆ ಪರದೆ ನನಗೆ ಓದಲು ಬರುವ ಹಾಗಿರಬೇಕು” ಎಂದಳು.

ಮನೆಯಲ್ಲಿ ಇದ್ದದ್ದು ನನ್ನ ತಮ್ಮ ಕಾಲೇಜಿಗೆ ಹೋಗುವಾಗ ಕೊಂಡ ಲ್ಯಾಪ್‌ಟಾಪ್. ವಿಂಡೋಸ್ 10ಕ್ಕೆ ಸಿಗುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು, ವಿಂಡೋಸ್ 11 ಕೇಳುವ ಯಂತ್ರಾಂಶ ಆ ಹಳೆಯ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ. ಆದ್ದರಿಂದ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಯನ್ನು ಹಾಕುವುದೆಂದು ತೀರ್ಮಾನಿಸಿದೆವು. ಅದಕ್ಕೆ 2 ಜಿಬಿ ಮೆಮೊರಿ ಇದ್ದರೂ ಸಾಕು, 4 ಜಿಬಿ ಇದ್ದರೆ ಆರಾಮ. ಮಿಂಟ್ 22ರ ಸರಣಿಗೆ 2029ರವರೆಗೆ ನವೀಕರಣ ಸಿಗುತ್ತದೆ.

ನಾನು ಕೆಲಸ ಮಾಡುವುದು ಚಿಕ್ಕಮಗಳೂರಿನ ಒಂದು ಶಾಲೆಯಲ್ಲಿ. ನವೆಂಬರ್ ಮಧ್ಯದ ಒಂದು ಶನಿವಾರ ಲ್ಯಾಪ್‌ಟಾಪನ್ನು ಪೇಟೆಯ ಒಂದು ಅಂಗಡಿಗೆ ಕೊಟ್ಟೆ. ಹಳೆಯ ಹಾರ್ಡ್ ಡಿಸ್ಕ್ ತೆಗೆದು 256 ಜಿಬಿಯ ಎಸ್‌ಎಸ್‌ಡಿ ಹಾಕಿಸಲು ಕೂಲಿಯೂ ಸೇರಿ 2,400 ರೂಪಾಯಿ ಆಯಿತು. ನಾಲ್ಕು ದಿನ ಎಂದವರು ಹನ್ನೆರಡು ದಿನ ಮಾಡಿದರು. ಕಾಫಿ ಕೊಯ್ಲಿನ ಕಾಲವಾದ್ದರಿಂದ ನನಗೂ ದಿನಾ ಹೋಗಿ ಕೇಳಲು ಆಗಲಿಲ್ಲ. ಕೊನೆಗೆ ಕೈಗೆ ಬಂದದ್ದು ಅಮೆರಿಕದ ಇಂಗ್ಲಿಷ್‌ನಲ್ಲಿ ಅನುಸ್ಥಾಪಿಸಿದ ಲಿನಕ್ಸ್ ಮಿಂಟ್. ಕನ್ನಡದಲ್ಲಿ ಬೇಕೆಂದು ಹೇಳಿದ್ದೆನಲ್ಲ ಎಂದು ಕೇಳಿದರೆ, “ಲಿನಕ್ಸ್ ಕನ್ನಡದಲ್ಲಿ ಬರುವುದಿಲ್ಲ ಮೇಡಂ” ಎಂಬ ಉತ್ತರ ಬಂತು. ಇದು ತಪ್ಪು. ಅನುಸ್ಥಾಪನೆಯ ಮೊದಲ ಪರದೆಯಲ್ಲಿ ಭಾಷೆಗಳ ಉದ್ದದ ಪಟ್ಟಿ ಇರುತ್ತದೆ, ಅದರಲ್ಲಿ ‘ಕನ್ನಡ’ ಎಂದು ಕನ್ನಡದಲ್ಲೇ ಬರೆದಿರುತ್ತದೆ. ಹೊಸದಾಗಿ ಹಾಕಿಸುವವರು ಅಲ್ಲಿಯೇ ಕನ್ನಡವನ್ನು ಆರಿಸಿ, ಆ ಹೊತ್ತಿನಲ್ಲಿ ಇಂಟರ್ನೆಟ್ ಸಂಪರ್ಕವನ್ನೂ ಕೊಟ್ಟಿದ್ದರೆ ನನ್ನ ಅರ್ಧ ಕಥೆ ಅವರಿಗೆ ಬೇಕಾಗುವುದಿಲ್ಲ. ಅಂಗಡಿಯವರಿಗೆ ಬಾಯಿಮಾತಿನಲ್ಲಿ ಹೇಳಿ ಬರಬೇಡಿ, ಚೀಟಿಯಲ್ಲಿ ಬರೆದುಕೊಟ್ಟು ಬನ್ನಿ.

ಈಗಾಗಲೇ ಇಂಗ್ಲಿಷ್‌ನಲ್ಲಿರುವ ಮಿಂಟ್ ಅನ್ನು ಬದಲಿಸುವ ದಾರಿ ಹೀಗಿದೆ. ಮೆನುವಿನಲ್ಲಿ ‘ಲ್ಯಾಂಗ್ವೇಜಸ್’ ಎಂಬ ಸಾಧನವಿದೆ. ಅದನ್ನು ತೆರೆದರೆ ಕೆಳಗೆ ಭಾಷೆಗಳನ್ನು ಸೇರಿಸುವ, ತೆಗೆಯುವ ಗುಂಡಿ ಸಿಗುತ್ತದೆ. ಅದು ಗುಪ್ತಪದ ಕೇಳುತ್ತದೆ. ಒಳಗೆ ‘ಆಡ್’ ಒತ್ತಿ, ಪಟ್ಟಿಯಲ್ಲಿ ‘ಕನ್ನಡ, ಇಂಡಿಯಾ’ ಎಂಬುದನ್ನು ಆರಿಸಬೇಕು. ಆಮೇಲೆ ಅದೇ ಪಟ್ಟಿಯಲ್ಲಿ ಕನ್ನಡದ ಎದುರು, ಕೆಲವು ಭಾಷಾ ಪ್ಯಾಕುಗಳು ಇಲ್ಲ ಎಂಬ ಸೂಚನೆ ಕಾಣುತ್ತದೆ. ಆ ಸಾಲನ್ನು ಆರಿಸಿ ಪ್ಯಾಕುಗಳನ್ನು ಅನುಸ್ಥಾಪಿಸುವ ಗುಂಡಿಯನ್ನು ಒತ್ತಬೇಕು. ನಂತರ ಹಿಂದಿನ ಪುಟಕ್ಕೆ ಬಂದು ಭಾಷೆ, ಪ್ರದೇಶ ಎರಡಕ್ಕೂ ಕನ್ನಡವನ್ನು ಆರಿಸಿ, ‘ಇಡೀ ವ್ಯವಸ್ಥೆಗೆ ಅನ್ವಯಿಸು’ ಎಂಬ ಅರ್ಥದ ಗುಂಡಿಯನ್ನು ಒತ್ತಿ, ಲಾಗ್‌ಔಟ್ ಮಾಡಿ ಮತ್ತೆ ಒಳಗೆ ಬರಬೇಕು. ಆ ಗುಂಡಿಯನ್ನು ಬಿಟ್ಟರೆ ಲಾಗಿನ್ ಪರದೆ ಇಂಗ್ಲಿಷ್‌ನಲ್ಲೇ ಉಳಿಯುತ್ತದೆ.

ನಾನು ಎಡವಿದ್ದು ಪ್ಯಾಕುಗಳ ಹಂತದಲ್ಲಿ. ನಮ್ಮ ಮನೆಯೊಳಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ, ಹಲಸಿನ ಮರದ ಹತ್ತಿರ ಒಂದಿಷ್ಟು ಬರುತ್ತದೆ. ಡಿಸೆಂಬರ್ ಮೊದಲ ಶನಿವಾರ ಅಲ್ಲಿ ಒಂದು ಸ್ಟೂಲ್ ಹಾಕಿಕೊಂಡು ಮೊಬೈಲಿನ ಹಾಟ್‌ಸ್ಪಾಟ್ ಕೊಟ್ಟು ಡೌನ್‌ಲೋಡ್ ಶುರು ಮಾಡಿದೆ. ಸುತ್ತ ಚೆರ‍್ರಿ ಹರಡಿದ ಕಣ, ಬಿಸಿಲಿಗೆ ಪರದೆಯೇ ಕಾಣುತ್ತಿರಲಿಲ್ಲ. ಮೂರು ಬಾರಿ ಅರ್ಧಕ್ಕೆ ನಿಂತಿತು. ನಾಲ್ಕನೆಯ ಬಾರಿ ಕಿಟಕಿ ತಾನಾಗಿ ಮುಚ್ಚಿಕೊಂಡಾಗ ಮುಗಿಯಿತೆಂದು ಭಾವಿಸಿ ಲಾಗ್‌ಔಟ್ ಮಾಡಿದೆ.

ಮತ್ತೆ ಒಳಗೆ ಬಂದಾಗ ಪರದೆಯ ಕೆಳಮೂಲೆಯಲ್ಲಿ, ಗಡಿಯಾರದ ಪಕ್ಕ, ‘ಶನಿವಾರ’ ಎಂದಿತ್ತು. ಮೆನುವಿನಲ್ಲಿ ಅಲ್ಲೊಂದು ಇಲ್ಲೊಂದು ಕನ್ನಡ ಪದ. ಉಳಿದದ್ದೆಲ್ಲ ಇಂಗ್ಲಿಷ್. ನನಗೆ ಅಳು ಬಂದಂತಾಯಿತು. ಅಮ್ಮ ಮಾತ್ರ ಆ ಒಂದು ಪದದ ಹತ್ತಿರ ಬಗ್ಗಿ, “ಶನಿವಾರ ಎಂದು ಬರೆದಿದೆಯಲ್ಲೇ” ಎಂದು ಮೂರು ಸಲ ಹೇಳಿದಳು. ಆ ಸಂಜೆ ಕಾಫಿ ಆರಿಸಲು ಬಂದವರಿಗೂ ಕರೆದು ತೋರಿಸಿದಳು. ಅವಳ ಆ ಮುಖ ನೋಡಿದ ಮೇಲೆ ಈ ಕೆಲಸವನ್ನು ಅರ್ಧಕ್ಕೆ ಬಿಡುವ ಯೋಚನೆ ನನಗೆ ಮತ್ತೆ ಬರಲಿಲ್ಲ.

ಹೀಗೇಕೆ ಆಯಿತೆಂದು ಆಮೇಲೆ ಓದಿ ತಿಳಿದುಕೊಂಡೆ. ಲಿನಕ್ಸ್‌ನಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದು ಲೊಕೇಲ್: ವಾರ, ತಿಂಗಳುಗಳ ಹೆಸರು, ದಿನಾಂಕ ಬರೆಯುವ ರೀತಿ, ಅಂಕಿಗಳ ನಡುವೆ ಅಲ್ಪವಿರಾಮ ಎಲ್ಲಿ ಬರಬೇಕು ಎಂಬಂಥ ನಿಯಮಗಳ ಗುಚ್ಛ. ಕನ್ನಡದ್ದಕ್ಕೆ ‘ಕೆಎನ್ ಅಡಿಗೆರೆ ಐಎನ್’ ಎಂಬ ಗುರುತು. ಇದು ಯಂತ್ರದಲ್ಲೇ ತಯಾರಾಗುತ್ತದೆ, ಡೌನ್‌ಲೋಡ್ ಬೇಕಿಲ್ಲ. ಇನ್ನೊಂದು ಅನುವಾದಗಳು: ಪ್ರತಿಯೊಂದು ತಂತ್ರಾಂಶದ ಇಂಗ್ಲಿಷ್ ವಾಕ್ಯಕ್ಕೆ ಎದುರಾಗಿ ಕನ್ನಡ ವಾಕ್ಯವಿರುವ ಕಡತಗಳು. ಭಾಷಾ ಪ್ಯಾಕುಗಳಲ್ಲಿ ಬರುವುದು ಇವು. ನಮ್ಮಲ್ಲಿ ಮೊದಲನೆಯದು ಆಗಿತ್ತು, ಎರಡನೆಯದು ಬಂದಿರಲಿಲ್ಲ. ಗಡಿಯಾರ ಕನ್ನಡವಾಗಿ ಮೆನು ಇಂಗ್ಲಿಷ್‌ನಲ್ಲೇ ಉಳಿದಿದ್ದರೆ ನಿಮ್ಮದೂ ಇದೇ ತೊಂದರೆ, ಪ್ಯಾಕುಗಳು ಬಂದಿವೆಯೇ ಎಂದು ಮತ್ತೆ ನೋಡಿ.

ಮರುದಿನ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಚಿಕ್ಕಮಗಳೂರಿಗೆ ಬಂದೆ. ಸರ್ಕಾರಿ ಬಸ್ ಸಿಕ್ಕಿದ್ದರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ಹಣ ಉಳಿಯಿತು. ನನ್ನ ಬಾಡಿಗೆ ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಪ್ಯಾಕುಗಳೆಲ್ಲ ಹತ್ತು ನಿಮಿಷದೊಳಗೆ ಇಳಿದವು. ಹಳ್ಳಿಯ ಮನೆಗೆ ಮಾಡಿಕೊಡುವವರು ಡೌನ್‌ಲೋಡಿನ ಕೆಲಸವನ್ನೆಲ್ಲ ಪೇಟೆಯಲ್ಲೇ ಮುಗಿಸಿಕೊಂಡು ಹೋಗುವುದು ಒಳ್ಳೆಯದು.

ಮರಳಿ ಲಾಗಿನ್ ಆದ ಕೂಡಲೇ ಒಂದು ಪ್ರಶ್ನೆ ಎದುರಾಯಿತು: ನೀವು ಹೊಸ ಭಾಷೆಯಲ್ಲಿ ಒಳಬಂದಿದ್ದೀರಿ, ಮನೆಯ ಕಡತಕೋಶದಲ್ಲಿರುವ ಪ್ರಮಾಣಿತ ಕಡತಕೋಶಗಳ (ಫೋಲ್ಡರುಗಳ) ಹೆಸರನ್ನೂ ಈ ಭಾಷೆಗೆ ಬದಲಿಸಬೇಕೇ ಎಂದು. ಎಲ್ಲವೂ ಕನ್ನಡವಾಗಲಿ ಎಂಬ ಉತ್ಸಾಹದಲ್ಲಿ ಹೌದು ಎಂದೆ. ಅದರ ಕೆಳಗೆ, ಒಳಗಿರುವ ಕಡತಗಳನ್ನು ಹೊಸ ಜಾಗಕ್ಕೆ ಸರಿಸುವುದಿಲ್ಲ ಎಂಬ ಒಂದು ಸಾಲು ಇತ್ತು. ಅದನ್ನು ನಾನು ಓದಲಿಲ್ಲ. ಮುಂದಿನ ವಾರ ಊರಿಗೆ ಹೋದಾಗ ಅಮ್ಮ ‘ದಸ್ತಾವೇಜುಗಳು’ ಎಂಬುದನ್ನು ಓದಿ ತೆರೆದಳು. ಒಳಗೆ ಏನೂ ಇಲ್ಲ! ನಾನು ಮೊದಲೇ ಮಾಡಿಟ್ಟಿದ್ದ ಮಳೆಯ ಹಾಳೆ, ತಮ್ಮನ ಮದುವೆಯ ಫೋಟೋಗಳು, ತೋಟದ ಪಹಣಿಯ ಪ್ರತಿ ಯಾವುದೂ ಕಾಣಲಿಲ್ಲ. ಅಮ್ಮನ ಕೈ ನಡುಗಿತು, ತಾನೇ ಏನೋ ಒತ್ತಿ ಅಳಿಸಿಬಿಟ್ಟೆನೆಂದು ಅಂದುಕೊಂಡಳು. ಅರ್ಧ ಗಂಟೆ ಹುಡುಕಿದ ಮೇಲೆ ಎಲ್ಲವೂ ಇಂಗ್ಲಿಷ್ ಹೆಸರಿನ ಹಳೆಯ ಕಡತಕೋಶದೊಳಗೆ ಸುರಕ್ಷಿತವಾಗಿ ಸಿಕ್ಕವು. ಒಂದೊಂದಾಗಿ ಹೊಸದಕ್ಕೆ ಸಾಗಿಸಿದೆ. ಈಗಾಗಲೇ ಕಡತಗಳಿರುವ ಯಂತ್ರವಾದರೆ ಆ ಪ್ರಶ್ನೆಗೆ ‘ಹಳೆಯ ಹೆಸರೇ ಇರಲಿ’ ಎಂದು ಉತ್ತರಿಸಿ. ಹೆಸರು ಬದಲಿಸಲೇಬೇಕೆಂದರೆ ಕಡತಗಳನ್ನು ನೀವೇ ಸಾಗಿಸಲು ಸಿದ್ಧರಾಗಿರಿ, ಮನೆಯವರಿಗೂ ಮೊದಲೇ ಹೇಳಿಡಿ.

ಪದಗಳು ಕನ್ನಡವಾದ ಮೇಲೆ ಅಕ್ಷರದ ತೊಂದರೆ ಕಾಣಿಸಿತು. ಕೆಳಗಿನ ಪಟ್ಟಿಯಲ್ಲಿ ಒತ್ತಕ್ಷರಗಳ ತಳ ಕತ್ತರಿಸಿ ಹೋಗುತ್ತಿತ್ತು. ‘ಅಪ್ಲಿಕೇಶನ್’ ಎಂಬ ಪದದಲ್ಲಿ ಪಕಾರದ ಕೆಳಗಿನ ಲಕಾರವೇ ಮಾಯ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದ ಜಾಗದಲ್ಲಿ ನಮ್ಮ ಒತ್ತುಗಳಿಗೆ ಸ್ಥಳ ಸಾಲುವುದಿಲ್ಲ. ಪಟ್ಟಿಯ ಮೇಲೆ ಬಲಗುಂಡಿ ಒತ್ತಿ ಅದರ ಎತ್ತರ ಹೆಚ್ಚಿಸಿದೆ. ಅಕ್ಷರಶೈಲಿಯ ಸಿದ್ಧತೆಗೆ ಹೋಗಿ ಪಠ್ಯದ ಗಾತ್ರವನ್ನು 1.2ಕ್ಕೆ ಏರಿಸಿದೆ. ಆಮೇಲೆ ತಂತ್ರಾಂಶ ಭಂಡಾರದಿಂದ ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳನ್ನು ಹಾಕಿದೆ. ನೋಟೊ ಸಾನ್ಸ್ ಕನ್ನಡ, ಲೋಹಿತ್ ಕನ್ನಡ ಕೂಡ ಉಚಿತವಾಗಿಯೇ ಸಿಗುತ್ತವೆ. ಒಂದೇ ಸಾಲನ್ನು ನಾಲ್ಕರಲ್ಲೂ ತೋರಿಸಿ ಅಮ್ಮನನ್ನು ಕೇಳಿದೆ. ಅವಳು ಗುಬ್ಬಿಯನ್ನು ಆರಿಸಿದಳು. ಹಿರಿಯರ ಕಣ್ಣಿಗೆ ಯಾವುದು ಹಿತವೆಂದು ನಾವು ಊಹಿಸುವುದಕ್ಕಿಂತ ಹೀಗೆ ಕೇಳುವುದೇ ಸರಿ.

ಇನ್ನು ಬರೆಯುವ ವಿಚಾರ. ಪರದೆ ಕನ್ನಡವಾದ ಮಾತ್ರಕ್ಕೆ ಕೀಲಿಮಣೆ ಕನ್ನಡವಾಗುವುದಿಲ್ಲ, ಅದು ಪೂರ್ತಿ ಬೇರೆ ವ್ಯವಸ್ಥೆ. ನಮಗೆ ಹೆಚ್ಚು ದಿನ ಹಿಡಿದದ್ದು ಇದೇ.

ನಾನು ಶಾಲೆಯಲ್ಲಿ ಪ್ರಶ್ನೆಪತ್ರಿಕೆಗಳನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ ಅಭ್ಯಾಸವಿರುವವಳು. ಕೆ. ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ನುಡಿಯಿಂದ ಮನೆಮಾತಾದ ಆ ವಿನ್ಯಾಸವೇ ಅಮ್ಮನಿಗೂ ಇರಲಿ, ನಾನೇ ಕಲಿಸಬಹುದು ಎಂದುಕೊಂಡೆ. ಕೀಲಿಮಣೆಯ ಸಿದ್ಧತೆಯಲ್ಲಿ ವಿನ್ಯಾಸಗಳ ಪಟ್ಟಿ ತೆರೆದರೆ ‘ಕನ್ನಡ, ಕಗಪ ಫೊನೆಟಿಕ್’ ಎಂದೇ ಇತ್ತು. ಸಂತೋಷದಿಂದ ಸೇರಿಸಿದೆ. ಬರೆಯಲು ಹೊರಟರೆ ಸ್ವರಗಳು ನನ್ನ ಬೆರಳು ಹೇಳಿದಂತೆ ಬರಲಿಲ್ಲ. ನುಡಿಯಲ್ಲಿ ಒಂದೇ ಕೀಲಿ ಪದದ ಮೊದಲಲ್ಲಿ ‘ಇ’ ಆಗುತ್ತದೆ, ವ್ಯಂಜನದ ನಂತರ ಒತ್ತಿದರೆ ಗುಣಿತ ಚಿಹ್ನೆಯಾಗುತ್ತದೆ. ಈ ಪಟ್ಟಿಯಲ್ಲಿರುವ ವಿನ್ಯಾಸಗಳಲ್ಲಿ ಕೀಲಿಯೊಂದು ಯಾವಾಗಲೂ ಒಂದೇ ಚಿಹ್ನೆ ಕೊಡುತ್ತದೆ, ಹಿಂದೆ ಏನು ಬಂದಿದೆ ಎಂದು ನೋಡುವ ಶಕ್ತಿ ಅದಕ್ಕಿಲ್ಲ. ಇದು ಗೊತ್ತಿಲ್ಲದೆ ಎರಡು ವಾರ ಕೀಲಿಮಣೆಯೇ ಕೆಟ್ಟಿದೆ ಎಂದುಕೊಂಡು ಓಡಾಡಿದೆ.

ಆ ಎರಡು ವಾರಗಳ ನಡುವೆ ಇನ್ನೊಂದು ಸಂಕಟ. ಒಂದು ಬುಧವಾರ ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಅಮ್ಮನ ಫೋನ್. ಪರದೆಗೆ ಬೀಗ ಬಿದ್ದಿದೆ, ಗುಪ್ತಪದ ಸರಿಯಾಗಿ ಕೊಟ್ಟರೂ ತಪ್ಪು ಎನ್ನುತ್ತಿದೆ ಎಂದಳು. ಹತ್ತು ಸಲ ಪ್ರಯತ್ನಿಸಿದ್ದಳು. ಕೀಲಿಮಣೆ ಕನ್ನಡದಲ್ಲಿರುವಾಗಲೇ ಪರದೆಗೆ ಬೀಗ ಬಿದ್ದದ್ದರಿಂದ ಗುಪ್ತಪದವೂ ಕನ್ನಡ ಅಕ್ಷರಗಳಲ್ಲಿ ಹೋಗುತ್ತಿತ್ತು. ಚುಕ್ಕೆಗಳು ಮಾತ್ರ ಕಾಣುವುದರಿಂದ ಅದು ಯಾರಿಗೂ ತಿಳಿಯುವಂತಿರಲಿಲ್ಲ. ಗುಪ್ತಪದ ಬರೆಯುವ ಚೌಕದ ಬಳಿ ಇರುವ ವಿನ್ಯಾಸದ ಗುರುತನ್ನು ಒತ್ತಿ ಇಂಗ್ಲಿಷ್‌ಗೆ ಬದಲಿಸಿದರೆ ಸರಿಹೋಗುತ್ತದೆ. ಸಿಗ್ನಲ್‌ಗಾಗಿ ಹಲಸಿನ ಮರದಡಿ ನಿಂತು ಮಾತನಾಡುವುದು, ಒಳಗೆ ಓಡಿ ಯಂತ್ರ ನೋಡುವುದು, ಮತ್ತೆ ಹೊರಗೆ ಬರುವುದು. ಅರವತ್ತೈದರ ವಯಸ್ಸಿನಲ್ಲಿ ಅಮ್ಮ ಹೀಗೆ ನಾಲ್ಕು ಸಲ ಓಡಾಡಿದಳು ಎಂಬುದನ್ನು ನೆನೆದರೆ ಈಗಲೂ ಮನಸ್ಸಿಗೆ ನೋವಾಗುತ್ತದೆ. ಆ ಪಾಠ ಕಲಿತ ಮೇಲೆ ವಿನ್ಯಾಸಗಳ ಪಟ್ಟಿಯಲ್ಲಿ ಇಂಗ್ಲಿಷ್ ಒಂದನ್ನೇ ಉಳಿಸಿದೆ. ಗುಪ್ತಪದದಲ್ಲಿ ಅಂಕಿ, ಇಂಗ್ಲಿಷ್ ಅಕ್ಷರಗಳನ್ನೇ ಇಟ್ಟು, ಅದನ್ನು ಬರೆಯುವ ಮೊದಲು ಭಾಷೆ ಯಾವುದೆಂದು ನೋಡುವುದನ್ನು ಅಮ್ಮನಿಗೆ ರೂಢಿ ಮಾಡಿಸಿದೆ.

ನುಡಿಯಂತೆಯೇ ಬರೆಯಲು ಸರಿಯಾದ ದಾರಿ ಐಬಸ್ ಎಂಬ ಸಾಧನ. ತಂತ್ರಾಂಶ ಭಂಡಾರದಿಂದ ‘ಐಬಸ್ ಎಂ17ಎನ್’ ಪ್ಯಾಕೇಜನ್ನು ಹಾಕಿ, ಮೆನುವಿನಲ್ಲಿರುವ ‘ಇನ್‌ಪುಟ್ ಮೆಥಡ್’ ಸಾಧನದಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗ್‌ಔಟ್ ಮಾಡಿ ಬರಬೇಕು. ನಂತರ ಐಬಸ್‌ನ ಆದ್ಯತೆಗಳಲ್ಲಿ ಕನ್ನಡದ ಕೆಳಗೆ ಹಲವು ವಿನ್ಯಾಸಗಳು ಕಾಣುತ್ತವೆ. ಇನ್‌ಸ್ಕ್ರಿಪ್ಟ್ ಕಲಿತವರಿಗೆ ಅದಿದೆ, ಇಂಗ್ಲಿಷ್ ಉಚ್ಚಾರದಂತೆ ಬರೆಯುವವರಿಗೆ ಐಟ್ರಾನ್ಸ್ ಇದೆ, ನುಡಿಯವರಿಗೆ ‘ಕೆಜಿಪಿ’ ಇದೆ. ವಿಂಡೋಸ್ ಗುರುತಿನ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಇಂಗ್ಲಿಷ್, ಕನ್ನಡ ಬದಲಾಗುತ್ತವೆ. ಕೆಜಿಪಿ ಬಂದ ಮೇಲೆ ನನ್ನ ಬೆರಳುಗಳಿಗೆ ಊರು ಸಿಕ್ಕಂತಾಯಿತು. ಅಮ್ಮನಿಗೆ ಮೊದಲು ಕಲಿಸಿದ ಪದ ‘ಮಳೆ’. ಎಂ, ಶಿಫ್ಟ್ ಜೊತೆಗೆ ಎಲ್, ಆಮೇಲೆ ಇ: ಮೂರು ಒತ್ತು, ಪದ ಮುಗಿಯಿತು. ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಬೇಕೆಂಬುದನ್ನು ‘ಅಮ್ಮ’ ಎಂಬ ಪದದಲ್ಲಿ ಕಲಿಸಿದೆ. ಕೀಲಿಗಳ ಮೇಲೆ ಅಂಟಿಸುವ ಕನ್ನಡ ಅಕ್ಷರಗಳ ಚೀಟಿಯನ್ನು 180 ರೂಪಾಯಿ ಕೊಟ್ಟು ತರಿಸಿದೆ. ಬಂದದ್ದು ಇನ್‌ಸ್ಕ್ರಿಪ್ಟ್ ವಿನ್ಯಾಸದ್ದು, ನಮಗೆ ಉಪಯೋಗವಾಗಲಿಲ್ಲ. ಕೊಳ್ಳುವ ಮೊದಲು ಯಾವ ವಿನ್ಯಾಸಕ್ಕೆಂದು ವಿಚಾರಿಸಿ. ಕೊನೆಗೆ ಬಿಳಿ ಕಾಗದದಲ್ಲಿ ನಾನೇ ಬರೆದು, ಕತ್ತರಿಸಿ, ಪಾರದರ್ಶಕ ಟೇಪ್ ಹಾಕಿ ಅಂಟಿಸಿದೆ. ಅದು ಇನ್ನೂ ಗಟ್ಟಿಯಾಗಿದೆ.

ಮಳೆಯ ಹಾಳೆ ತುಂಬುವ ತಂತ್ರಾಂಶವಾದ ಲಿಬ್ರೆಆಫೀಸ್‌ನ ಸಂಗತಿ ಬೇರೆ. ಕನ್ನಡದ ಪ್ಯಾಕು ಬಂದ ಮೇಲೆ ಅದು ಸಾಮಾನ್ಯವಾಗಿ ವ್ಯವಸ್ಥೆಯ ಭಾಷೆಯನ್ನೇ ಹಿಡಿಯುತ್ತದೆ, ಆದರೆ ಅದಕ್ಕೆ ತನ್ನದೇ ಆದ ಭಾಷಾ ಸಿದ್ಧತೆಯೂ ಇದೆ. ಉಪಕರಣಗಳ ಮೆನುವಿನ ಕೊನೆಯಲ್ಲಿರುವ ಆಯ್ಕೆಗಳಲ್ಲಿ ಭಾಷೆಯ ಪುಟಕ್ಕೆ ಹೋಗಿ ನೋಡಬೇಕು. ಅಲ್ಲಿ ಗಮನಿಸಬೇಕಾದವು ಮೂರು. ಮೆನುಗಳ ಭಾಷೆ ಒಂದು. ಸಂಕೀರ್ಣ ಲಿಪಿಗಳ ಬೆಂಬಲ ಎರಡನೆಯದು, ಕನ್ನಡ ಆ ವರ್ಗದಲ್ಲಿ ಬರುತ್ತದೆ, ಅದನ್ನು ಚಾಲೂ ಮಾಡಿ ಕನ್ನಡವನ್ನು ಆರಿಸದಿದ್ದರೆ ಫಾಂಟ್ ಬದಲಿಸಿದರೂ ಕನ್ನಡ ಅಕ್ಷರ ಬದಲಾಗುವುದಿಲ್ಲ. ಮೂರನೆಯದು ಲೊಕೇಲ್, ಅದನ್ನು ಬಿಟ್ಟದ್ದಕ್ಕೆ ಅಮ್ಮನ ಒಂದು ಇಡೀ ಸಂಜೆಯ ಕೆಲಸ ಹಾಳಾಯಿತು. ಅವಳು 1989ರ ಏಪ್ರಿಲ್ ಐದನೆಯ ತಾರೀಖನ್ನು ನಾವೆಲ್ಲ ಬರೆಯುವಂತೆ 5/4/1989 ಎಂದು ಬರೆದಳು. ಅಮೆರಿಕದ ಇಂಗ್ಲಿಷ್‌ನಲ್ಲೇ ಉಳಿದಿದ್ದ ಹಾಳೆ ಅದನ್ನು ಮೇ ನಾಲ್ಕು ಎಂದು ತಿಳಿಯಿತು. ಹದಿಮೂರನೆಯ ತಾರೀಖು ಮತ್ತು ಅದರ ನಂತರದವುಗಳನ್ನು ದಿನಾಂಕವೆಂದೇ ಒಪ್ಪದೆ ಬರಿಯ ಪಠ್ಯವಾಗಿ ಇಟ್ಟಿತು. ತಿಂಗಳವಾರು ಕೂಡಿದಾಗ ಮೇ ತಿಂಗಳಲ್ಲಿ ಬಾರದ ಮಳೆ ಬಂದಿತ್ತು. “ಆ ವರ್ಷ ಮೇ ಮೊದಲ ವಾರ ಒಂದು ಹನಿಯೂ ಬಿದ್ದಿಲ್ಲ” ಎಂದು ಅಮ್ಮ ಲೆಕ್ಕ ನೋಡಿದ ಕ್ಷಣವೇ ಹೇಳಿದಳು. ಅವಳ ನೆನಪು ಇಲ್ಲದಿದ್ದರೆ ಮೂವತ್ತಾರು ವರ್ಷಗಳ ಲೆಕ್ಕವನ್ನೂ ಹಾಗೆಯೇ ತಪ್ಪಾಗಿ ತುಂಬಿಬಿಡುತ್ತಿದ್ದೆವು. ಲೊಕೇಲನ್ನು ಕನ್ನಡ, ಭಾರತ ಎಂದು ಬದಲಿಸಿ, ಆ ಹಾಳೆಯನ್ನು ಅಳಿಸಿ ಹೊಸದಾಗಿ ತುಂಬಿದೆವು. ದಿನಾಂಕ ತುಂಬುವ ಯಾರೇ ಆಗಲಿ, ಮೊದಲ ಸಾಲು ಬರೆದ ಕೂಡಲೇ ತಿಂಗಳು ಸರಿಯಾಗಿ ಕೂತಿದೆಯೇ ಎಂದು ನೋಡಿಕೊಳ್ಳಿ.

ನನ್ನ ಹಳೆಯ ನುಡಿ ಕಡತಗಳು ಇಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ತೆರೆದುಕೊಂಡವು. ಅವು ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಯುನಿಕೋಡ್ ಎಂಬ ಅಕ್ಷರ ಸಂಕೇತದವಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಹಳೆಯ ಫಾಂಟಿನವು. ಪರಿವರ್ತಕದಲ್ಲಿ ಹಾಕಿ ಯುನಿಕೋಡ್ ಮಾಡಿಕೊಂಡ ಮೇಲೆ ಸರಿಹೋದವು.

ಜಾಲತಾಣ ನೋಡುವ ಫೈರ್‌ಫಾಕ್ಸ್ ಸುಲಭವಾಗಿ ಬದಲಾಯಿತು. ಅದರ ಸಿದ್ಧತೆಗಳಲ್ಲಿ ಭಾಷೆಯ ಭಾಗಕ್ಕೆ ಹೋಗಿ, ಹೆಚ್ಚಿನ ಭಾಷೆಗಳನ್ನು ಹುಡುಕಿ, ಕನ್ನಡವನ್ನು ಸೇರಿಸಿ, ಮತ್ತೆ ಆರಂಭಿಸಿದರೆ ಆಯಿತು. ಅಲ್ಲಿಯೇ ಕೆಳಗೆ ಜಾಲತಾಣಗಳನ್ನು ಯಾವ ಭಾಷೆಯಲ್ಲಿ ಕೇಳಬೇಕೆಂಬ ಬೇರೆ ಪಟ್ಟಿಯಿದೆ. ಅಲ್ಲಿಯೂ ಕನ್ನಡವನ್ನು ಮೇಲಕ್ಕೆ ಏರಿಸಿ. ಫ್ಲಾಟ್‌ಪ್ಯಾಕ್ ಎಂಬ ಬೇರೆ ವಿಧಾನದಲ್ಲಿ ಹಾಕಿದ ಒಂದು ಫೋಟೋ ತಂತ್ರಾಂಶ ಮಾತ್ರ ಇಂಗ್ಲಿಷ್‌ನಲ್ಲೇ ಹಟ ಹಿಡಿದು ಕೂತಿತ್ತು. ಫ್ಲಾಟ್‌ಪ್ಯಾಕ್ ಜಾಗ ಉಳಿಸಲು ಆಗ ಬಳಕೆಯಲ್ಲಿರುವ ಭಾಷೆಗಳ ಅನುವಾದವನ್ನು ಮಾತ್ರ ಇಳಿಸಿಕೊಳ್ಳುತ್ತದೆ. ಭಾಷೆ ಬದಲಿಸಿದ ಮೇಲೆ ಒಮ್ಮೆ ಅದರ ನವೀಕರಣ ಕೊಟ್ಟರೆ ಕನ್ನಡವೂ ಬರುತ್ತದೆ. ಆಜ್ಞೆಗಳನ್ನು ಬರೆದು ಕೊಡುವ ಕಿಟಕಿಯಾದ ಟರ್ಮಿನಲ್ ಬಳಸುವವರಿಗೆ ಒಂದು ಮಾತು: ಅಲ್ಲಿ ಕನ್ನಡದ ಗುಣಿತ, ಒತ್ತುಗಳು ಸರಿಯಾಗಿ ಕೂರುವುದಿಲ್ಲ. ದೋಷದ ಸಂದೇಶ ಇಂಗ್ಲಿಷ್‌ನಲ್ಲಿ ಬೇಕಾದರೆ ಆಜ್ಞೆಯ ಮುಂದೆ ‘ಎಲ್‌ಸಿ ಅಡಿಗೆರೆ ಆಲ್ ಸಮ ಸಿ’ ಎಂದು ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಸೇರಿಸಿ. ಆ ಒಂದು ಆಜ್ಞೆಗೆ ಮಾತ್ರ ಇಂಗ್ಲಿಷ್ ಬರುತ್ತದೆ, ಪರಿಹಾರ ಹುಡುಕಲು ಅನುಕೂಲ.

ಜನವರಿ ಎರಡನೆಯ ವಾರದ ಹೊತ್ತಿಗೆ ಪರದೆ ಬಹುಮಟ್ಟಿಗೆ ಕನ್ನಡವಾಗಿತ್ತು. ಅಮ್ಮ ಒಂದು ಭಾನುವಾರ ಮಧ್ಯಾಹ್ನವಿಡೀ ಏನನ್ನೂ ಒತ್ತದೆ ಮೆನುಗಳನ್ನು ಓದುತ್ತಾ ಕೂತಳು. ‘ಕಸಬುಟ್ಟಿ’ ಎಂಬುದು ಅವಳಿಗೆ ಇಷ್ಟವಾಯಿತು. ‘ಗುಪ್ತಪದ’ ಕೇಳಿದ ಕೂಡಲೇ ತಿಳಿಯಿತು. ಕೆಲವು ಮೆನುಗಳ ಪಕ್ಕ ಆವರಣದಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರ ಏಕಿದೆ ಎಂದು ಕೇಳಿದಳು. ಆಲ್ಟ್ ಕೀಲಿಯ ಜೊತೆ ಒತ್ತಿ ಮೆನು ತೆರೆಯಲು ಒಂದು ಅಕ್ಷರ ಬೇಕು, ಅದಕ್ಕಾಗಿ ಅನುವಾದಕರು ಮೂಲದ ಅಕ್ಷರವನ್ನೇ ಪಕ್ಕದಲ್ಲಿ ಉಳಿಸಿದ್ದಾರೆ ಎಂದು ವಿವರಿಸಿದೆ.

‘ಕಡತ’ ಎಂಬ ಪದದ ಬಳಿ ಅವಳು ಬಹಳ ಹೊತ್ತು ನಿಂತಳು. ನನಗೆ ಕಡತವೆಂದರೆ ಕಚೇರಿಯ ಫೈಲು. ಅವಳಿಗೆ ಅದು ಅಜ್ಜನ ಲೆಕ್ಕದ ಪುಸ್ತಕ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಿನ ಪುಡಿ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬಿಳಿ ಅಕ್ಷರ ಬರೆಯುತ್ತಿದ್ದರಂತೆ. ನಮ್ಮ ಜಿಲ್ಲೆಯದೇ ಆದ ಶೃಂಗೇರಿ ಮಠದಲ್ಲಿ ಅಂಥ ಹಳೆಯ ಕಡತಗಳಿವೆ. “ಅಜ್ಜ ಭತ್ತದ ಲೆಕ್ಕವನ್ನು ಕಡತದಲ್ಲಿ ಬರೆದ, ನಾನು ಮಳೆಯ ಲೆಕ್ಕವನ್ನು ಪುಸ್ತಕದಲ್ಲಿ ಬರೆದೆ, ಈಗ ಮತ್ತೆ ಕಡತಕ್ಕೇ ಬರೆಯುತ್ತಿದ್ದೇನೆ” ಎಂದಳು. ಯಾವ ಅನುವಾದಕರು ಯಾವಾಗ ಆ ಪದವನ್ನು ಆರಿಸಿದರೋ, ಅವರಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಹಾಗೆಂದು ಎಲ್ಲವೂ ಕನ್ನಡವಾಗಿಲ್ಲ. ಮೆನುವಿನ ಮೇಲಿನ ಸಾಲು ಕನ್ನಡ, ಒಳಗೆ ಹೋದರೆ ನಾಲ್ಕರಲ್ಲಿ ಒಂದು ಇಂಗ್ಲಿಷ್. ಯಾವ ವಾಕ್ಯಕ್ಕೆ ಕನ್ನಡ ಬರೆದಿಲ್ಲವೋ ಅಲ್ಲಿ ಮೂಲದ ಇಂಗ್ಲಿಷ್ ವಾಕ್ಯವೇ ತಾನಾಗಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಇಂಗ್ಲಿಷ್ ಕಂಡಾಗ ನಿಮ್ಮ ಯಂತ್ರದಲ್ಲಿ ಏನೋ ತಪ್ಪಾಗಿದೆ ಎಂದುಕೊಳ್ಳಬೇಡಿ. ಕೆಲವು ಅನುವಾದ ಕಡತಗಳ ತಲೆಭಾಗವನ್ನು ತೆರೆದು ನೋಡಿದೆ, ಕೊನೆಯ ಬಾರಿ ತಿದ್ದಿದ ವರ್ಷ 2013, 2014ರ ಆಸುಪಾಸಿನದು. ಆಗ ಯಾರೋ ಕೆಲವರು ಸಾವಿರಾರು ವಾಕ್ಯಗಳನ್ನು ಕೂತು ಬರೆದಿದ್ದಾರೆ. ಆಮೇಲೆ ತಂತ್ರಾಂಶ ಬೆಳೆಯಿತು, ಹೊಸ ವಾಕ್ಯಗಳು ಸೇರಿದವು, ಬರೆಯುವ ಕೈಗಳು ಕಡಿಮೆಯಾದವು.

ಮಿಂಟ್‌ನ ಅನುವಾದಗಳು ಲಾಂಚ್‌ಪ್ಯಾಡ್ ಎಂಬ ಜಾಲತಾಣದಲ್ಲಿ ನಡೆಯುತ್ತವೆ. ಇಮೇಲ್ ಕೊಟ್ಟು ಖಾತೆ ತೆರೆದರೆ, ಕನ್ನಡವನ್ನು ಆರಿಸಿ, ಅನುವಾದವಾಗದ ವಾಕ್ಯಗಳನ್ನು ಮಾತ್ರ ನೋಡಬಹುದು. ನಾವು ಬರೆದದ್ದು ಸಲಹೆಯಾಗಿ ನಿಲ್ಲುತ್ತದೆ, ಪರಿಶೀಲಿಸುವವರು ಒಪ್ಪಿದ ಮೇಲೆ ಮುಂದಿನ ನವೀಕರಣಗಳಲ್ಲಿ ಎಲ್ಲರ ಪರದೆಗೂ ಬರುತ್ತದೆ. ವಾಕ್ಯದ ನಡುವೆ ಶೇಕಡಾ ಚಿಹ್ನೆಯ ಜೊತೆ ಒಂದು ಅಕ್ಷರ ಬಂದರೆ ಅದನ್ನು ಹಾಗೆಯೇ ಉಳಿಸಬೇಕು, ಕಡತದ ಹೆಸರೋ ಸಂಖ್ಯೆಯೋ ಆ ಜಾಗಕ್ಕೆ ಬಂದು ಕೂರುತ್ತದೆ.

ಅಮ್ಮ ಈಗ ಮಳೆ ಪುಸ್ತಕದ ಹಿಂದಿನ ಪುಟಗಳಲ್ಲಿ ಒಂದು ಪಟ್ಟಿ ಮಾಡುತ್ತಿದ್ದಾಳೆ. ಪರದೆಯಲ್ಲಿ ಇಂಗ್ಲಿಷ್ ಉಳಿದಿರುವ ಜಾಗ ಕಂಡಾಗಲೆಲ್ಲ ಆ ಅಕ್ಷರಗಳನ್ನು ನೋಡಿ ನೋಡಿ ಹಾಗೆಯೇ ಬರೆದಿಡುತ್ತಾಳೆ. ಶನಿವಾರ ನಾನು ಹೋದಾಗ ಅರ್ಥ ಕೇಳಿ, ಪಕ್ಕದಲ್ಲಿ ತನಗೆ ತೋಚಿದ ಕನ್ನಡ ಬರೆಯುತ್ತಾಳೆ. ಕೆಲವಕ್ಕೆ ನಾವಿಬ್ಬರೂ ಒಪ್ಪುವುದಿಲ್ಲ, ಚರ್ಚೆ ರಾತ್ರಿಯವರೆಗೂ ನಡೆಯುತ್ತದೆ. ಇದುವರೆಗೆ ಹದಿನಾಲ್ಕು ಕಳುಹಿಸಿದ್ದೇನೆ, ಪರಿಶೀಲನೆಗೆ ಕಾಯುತ್ತಿವೆ. ಪಟ್ಟಿಯಲ್ಲಿ ಇನ್ನೂ ಒಂಬತ್ತು ಉಳಿದಿವೆ. ನಾಳೆ ಬೆಳಿಗ್ಗೆ ಹಲಸಿನ ಮರದಡಿ ಸ್ಟೂಲ್ ಹಾಕಿಕೊಂಡು ಅವನ್ನೂ ಕಳುಹಿಸಬೇಕು.